ಕಾಯುವ ಮನೆ: ನ್ಯೂಯಾರ್ಕಿನ ಒಂದು ಹಳೇ ಸ್ಟೇಕ್‌ಹೌಸಿನೊಳಗೆ

ಒಳಗೆ ಕಾಲಿಟ್ಟ ಮೇಲೆ ಮೊದಲು ತಲೆ ಎತ್ತಿ ನೋಡಬೇಕು. ಸೂರಿನ ತುಂಬಾ ಮಣ್ಣಿನ ಪೈಪುಗಳು. ಒಂದು ಕಾಲಕ್ಕೆ ಜನ ಹೊಗೆಸೊಪ್ಪು ತುಂಬಿ ಸೇದುತ್ತಿದ್ದ ಪೈಪುಗಳು. ಕೊಳವೆ ಗೇಣಿಗಿಂತ ಉದ್ದ, ಪೆನ್ಸಿಲ್‌ನಷ್ಟು ತೆಳು. ತುದಿಯಲ್ಲಿ ಅಡಕೆ ಗಾತ್ರದ ಒಂದು ಬಟ್ಟಲು. ಶಾವಿಗೆ ಒಣಹಾಕಿದ ಹಾಗೆ ಒಂದರ ಪಕ್ಕ ಒಂದು, ಒತ್ತೊತ್ತಾಗಿ, ಸಾಲು ಸಾಲಾಗಿ ಕಟ್ಟಿದ್ದಾರೆ. ಬಿಳೀ ಮಣ್ಣು ಈಗ ಹಳೇ ದಂತದ ಬಣ್ಣಕ್ಕೆ ತಿರುಗಿದೆ. ಈ ಕೋಣೆ ದಾಟಿ ಮುಂದಿನ ಕೋಣೆಗೆ ಹೋದರೆ ಅಲ್ಲೂ ಪೈಪುಗಳೇ. ಸಾವಿರಗಟ್ಟಲೆ.

ಇದು ಕೀನ್ಸ್ ಸ್ಟೇಕ್‌ಹೌಸ್. ಸ್ಟೇಕ್ ಅಂದರೆ ಜೋರು ಕಾವಿನಲ್ಲಿ ಸುಟ್ಟ ದಪ್ಪನೆ ಮಾಂಸದ ತುಂಡು, ಹೆಚ್ಚಾಗಿ ದನದ್ದು. ಮ್ಯಾನ್‌ಹಟನ್ನಿನ ವೆಸ್ಟ್ 36ನೇ ಬೀದಿ, 72ನೇ ನಂಬರು. ಶುರುವಾಗಿದ್ದು 1885ರಲ್ಲಿ. ನಮ್ಮ ಭಾವ ಇರುವುದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ. ಅಲ್ಲಿಂದ ರೈಲು ಹತ್ತಿ ಪೆನ್ ಸ್ಟೇಷನ್ನಿನಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. "ಬಾರಯ್ಯ, ಇಲ್ಲಿನ ಹಳೇ ಮಿಲಿಟ್ರಿ ಹೋಟೆಲ್ ತೋರಿಸ್ತೀನಿ" ಅಂತ ಕರೆದುಕೊಂಡು ಹೋದರು.

ಮೆನು ಕೈಗೆ ಬಂತು. ಪೋರ್ಟರ್‌ಹೌಸ್, ಸರ್ಲಾಯಿನ್, ಫಿಲೆ ಮಿನ್ಯಾನ್, ಪ್ರೈಮ್, ಡ್ರೈ ಏಜ್ಡ್. ಹುಡುಕಿದರೂ ಮಸಾಲೆ ಅನ್ನುವ ಮಾತಿಲ್ಲ. ಉಪ್ಪು, ಕಾಳುಮೆಣಸಿನ ಪುಡಿ, ಬೆಂಕಿ, ಅಷ್ಟೇ. ಬೆಲೆ ಮಾತ್ರ ನಮ್ಮ ಎದೆ ಝಲ್ಲೆನ್ನುವಷ್ಟು. ಬರೀ ಉಪ್ಪು ಹಾಕಿ ಸುಟ್ಟ ಮಾಂಸಕ್ಕೆ ಇಷ್ಟೊಂದು ದುಡ್ಡು ಯಾಕೆ? ನಮ್ಮ ಕಡೆಯಿಂದ ಹೋದ ಯಾರಿಗೇ ಆದರೂ ಮೊದಲು ಬರುವ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೇ. ಅದಕ್ಕೆ ಸರಿಯಾದ ಉತ್ತರವೂ ಇದೆ.

ಕನ್ನಡದಲ್ಲಿ 'ಕಾಯು' ಅನ್ನುವ ಒಂದೇ ಮಾತಿಗೆ ಮೂರು ಅರ್ಥ ಇದೆ, ಅಲ್ವಾ? ಬಸ್ಸಿಗೆ ಕಾಯುತ್ತೇವೆ. ಹೊಲ ಕಾಯುತ್ತೇವೆ. ಒಲೆಯ ಮೇಲೆ ಹಂಚು ಕಾಯುತ್ತದೆ. ಹಳೇ ಸ್ಟೇಕ್‌ಹೌಸಿನಲ್ಲಿ ನಡೆಯುವುದೂ ಈ ಮೂರೇ ಕೆಲಸ. ಒಲೆ ಕಾಯುವ ಕೆಲಸಕ್ಕೆ ಕಾಲು ಗಂಟೆಯೋ ಅರ್ಧ ಗಂಟೆಯೋ ಸಾಕು. ಉಳಿದ ಎರಡಕ್ಕೆ ವಾರಗಳು, ವರ್ಷಗಳು ಹಿಡಿಯುತ್ತವೆ. ನಾವು ದುಡ್ಡು ಕೊಡುವುದು ಆ ವಾರಗಳಿಗೆ, ಆ ವರ್ಷಗಳಿಗೆ.

ಮೊದಲು ಪೈಪುಗಳ ವಿಷಯ ಹೇಳಿಬಿಡುತ್ತೇನೆ. ಈ ಮನೆ ಎಂಥದ್ದು ಅಂತ ತಿಳಿಯುವುದು ಅಲ್ಲಿಂದಲೇ. ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ಒಂದು ರೂಢಿ ಇತ್ತು. ಉದ್ದ ಕೊಳವೆಯ ಮಣ್ಣಿನ ಪೈಪು ಬಹಳ ನಾಜೂಕು. ಜೇಬಿನಲ್ಲೋ ಕುದುರೆಯ ಜೀನಿನ ಚೀಲದಲ್ಲೋ ಇಟ್ಟರೆ ಮುರಿದೇ ಹೋಗುತ್ತದೆ. ಹಾಗಾಗಿ ಪ್ರಯಾಣ ಮಾಡುವವರು ತಮ್ಮ ಪೈಪನ್ನು ತಾವು ಯಾವಾಗಲೂ ತಂಗುವ ಹೋಟೆಲಿನಲ್ಲೇ ಬಿಟ್ಟು ಹೋಗುತ್ತಿದ್ದರು. ಮುಂದಿನ ಸಲ ಬಂದಾಗ ಅದೇ ಪೈಪು ಕೈಗೆ ಸಿಗುತ್ತಿತ್ತು. ಕೀನ್ಸ್ ಈ ರೂಢಿಯನ್ನು ನ್ಯೂಯಾರ್ಕಿಗೆ ತಂದಿತು. ಪೈಪುಗಳು ನೆದರ್ಲೆಂಡ್ಸ್‌ನಿಂದ ಬರುತ್ತಿದ್ದವು. ಯಾರ ಪೈಪು ಯಾವುದು ಅಂತ ನೋಂದಾಯಿಸಿ, ಜೋಪಾನ ಮಾಡಲು ಅಂತಲೇ ಒಬ್ಬ ಮೇಲ್ವಿಚಾರಕ ಇದ್ದ. ಗಿರಾಕಿ ಬಂದು ಕೂತರೆ, ಹುಡುಗರು ಓಡಿಹೋಗಿ ಅವರ ಪೈಪು ತಂದುಕೊಡುತ್ತಿದ್ದರು. ಆ ದಾಖಲೆಯಲ್ಲಿ 90,000ಕ್ಕೂ ಹೆಚ್ಚು ಹೆಸರುಗಳಿವೆ ಅನ್ನುತ್ತದೆ ಕೀನ್ಸ್. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್, ಬೇಸ್‌ಬಾಲ್ ಆಟಗಾರ ಬೇಬ್ ರೂತ್, ಬ್ಯಾಂಕು ನಡೆಸುತ್ತಿದ್ದ ಸಿರಿವಂತ ಜೆ. ಪಿ. ಮೋರ್ಗನ್, ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಎಲ್ಲರೂ ಅದರಲ್ಲಿದ್ದಾರೆ.

ಈಗ ಯಾರೂ ಸೇದುವುದಿಲ್ಲ. ನ್ಯೂಯಾರ್ಕ್ ನಗರದ ಹೋಟೆಲು, ಬಾರುಗಳಲ್ಲಿ 2003ರಿಂದ ಧೂಮಪಾನ ನಿಷೇಧ. ಆದರೂ ಪೈಪುಗಳನ್ನು ಇಳಿಸಿಲ್ಲ. ಮಾಲೀಕರು ತೀರಿಕೊಂಡು ಎಷ್ಟೋ ದಶಕ ಆದ ಪೈಪುಗಳನ್ನೂ ಇಟ್ಟುಕೊಂಡೇ ಇದ್ದಾರೆ. ಕೊಟ್ಟವರ ವಸ್ತುವನ್ನು ಜೋಪಾನವಾಗಿ ಕಾಯುವುದು ಅಂದರೆ ಇದು. ನನಗೆ ಈ ಜಾಗದ ಮೇಲೆ ಗೌರವ ಹುಟ್ಟಿದ್ದು ಊಟ ಬರುವುದಕ್ಕೆ ಮೊದಲೇ.

ಕೀನ್ಸ್‌ನ ಹಳೇ ಹೆಸರು ಕೀನ್ಸ್ ಚಾಪ್‌ಹೌಸ್. ಚಾಪ್ ಅಂದರೆ ಮೂಳೆ ಸಮೇತ ಅಡ್ಡಡ್ಡ ಕಡಿದ, ಒಬ್ಬರ ಪಾಲಿನ ಮಾಂಸದ ತುಂಡು. ಲಂಡನ್ನಿನ ವ್ಯಾಪಾರಿಗಳು, ಗುಮಾಸ್ತರು ಬಂದು ಒಂದು ಚಾಪು, ಒಂದು ಲೋಟ ಬಿಯರ್ ತೆಗೆದುಕೊಂಡು ಹೋಗುತ್ತಿದ್ದ ಸಾದಾ ಅಂಗಡಿಗಳು ಚಾಪ್‌ಹೌಸುಗಳು. ಆ ಪದ್ಧತಿ ಸಮುದ್ರ ದಾಟಿ ಅಮೆರಿಕಕ್ಕೆ ಬಂತು. ಅಮೆರಿಕದಲ್ಲಿ ದನದ ಮಾಂಸ ಹೇರಳವಾದ ಮೇಲೆ ಚಾಪ್‌ಹೌಸುಗಳೇ ನಿಧಾನಕ್ಕೆ ಸ್ಟೇಕ್‌ಹೌಸುಗಳಾದವು. ಬ್ರೂಕ್ಲಿನ್ನಿನ ಪೀಟರ್ ಲೂಗರ್ ಶುರುವಾಗಿದ್ದು ಕೀನ್ಸ್ ಆದ ಎರಡೇ ವರ್ಷಕ್ಕೆ, 1887ರಲ್ಲಿ. ಆ ಕಾಲದ ಸ್ಟೇಕ್‌ಹೌಸುಗಳ ಕತ್ತಲೆ ಕತ್ತಲೆ ಮರದ ಗೋಡೆ, ಬಿಳೀ ಮೇಜುಬಟ್ಟೆ, ಸುತ್ತುಬಳಸಿಲ್ಲದ ಮೆನು ಎಲ್ಲ ಆ ಗಂಡಸರ ಚಾಪ್‌ಹೌಸುಗಳಿಂದ ಬಂದದ್ದು.

ಗಂಡಸರ ಅಂದೆ. ಅದು ನಿಜವಾದ ಮಾತು. ಕೀನ್ಸ್ ಶುರು ಮಾಡಿದ ಆಲ್ಬರ್ಟ್ ಕೀನ್ ಮೊದಲು ಲ್ಯಾಂಬ್ಸ್ ಅನ್ನುವ ನಾಟಕ ಮಂದಿಯ ಕ್ಲಬ್ಬಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು. ಆಗ ಕೀನ್ಸ್ ಇರುವ ಹೆರಾಲ್ಡ್ ಸ್ಕ್ವೇರ್ ಸುತ್ತಮುತ್ತ ನಾಟಕ ಥಿಯೇಟರುಗಳು ತುಂಬಿದ್ದವು. ಪಕ್ಕದ ಗ್ಯಾರಿಕ್ ಥಿಯೇಟರಿನ ನಟರು ಎರಡು ಅಂಕಗಳ ನಡುವೆ ಬಣ್ಣ ಹಚ್ಚಿದ ಮುಖದಲ್ಲೇ ಬಂದು ಒಂದು ಗ್ಲಾಸು ಏರಿಸಿ ಓಡುತ್ತಿದ್ದರಂತೆ. ಆದರೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಲಿಲಿ ಲ್ಯಾಂಗ್‌ಟ್ರಿ ಅಂತ ಹೆಸರಾಂತ ನಟಿ. ಅವರನ್ನೂ ಒಳಗೆ ಬಿಡಲಿಲ್ಲ. 1905ರಲ್ಲಿ ಅವರು ಕೋರ್ಟಿಗೆ ಹೋದರು. ಗೆದ್ದರು. ಆಮೇಲೆ ಗರಿಗಳ ಶಾಲು ಹೊದ್ದು ಜೋರಾಗಿ ಒಳಗೆ ಬಂದು, ಮಟನ್ ಚಾಪ್ ತರಿಸಿಕೊಂಡು ತಿಂದರು ಅನ್ನುವುದು ಕೀನ್ಸ್ ತಾನೇ ಹೇಳುವ ಕಥೆ. ಇವತ್ತು ಒಂದು ಕೋಣೆಗೆ ಅವರ ಹೆಸರೇ ಇದೆ. 1970ರ ದಶಕದಲ್ಲಿ ಈ ಮನೆ ಸೊರಗಿ ಬಾಗಿಲು ಮುಚ್ಚುವ ಹಂತಕ್ಕೆ ಬಂತು. ಜಾರ್ಜ್ ಶ್ವಾರ್ಟ್ಸ್ ಅನ್ನುವ ವೈದ್ಯರು ಕೊಂಡುಕೊಂಡು, ದುರಸ್ತಿ ಮಾಡಿಸಿ, 1981ರಲ್ಲಿ ಮತ್ತೆ ತೆರೆದರು. ಅವರು ಆವತ್ತು ಹಟ ಹಿಡಿಯದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಈಗ ಮಾಂಸಕ್ಕೆ ಬರೋಣ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ದನದ ಮಾಂಸ ತಿನ್ನುವುದಿಲ್ಲ. ತಿನ್ನದವರೂ ಓದಿ. ಇದರಲ್ಲಿ ಮುಕ್ಕಾಲು ಪಾಲು ಲೆಕ್ಕ ಕುರಿಗೂ ಒಂದೇ.

ಮೊದಲನೆಯ ಲೆಕ್ಕ, ಯಾವ ಜಾಗದ ಮಾಂಸ ಅನ್ನುವುದು. ದುಡಿದ ಸ್ನಾಯು ಗಟ್ಟಿ. ಸುಮ್ನೆ ಇದ್ದ ಸ್ನಾಯು ಮೆತ್ತಗೆ. ಕಾಲು, ಭುಜ, ಕತ್ತು ದಿನವಿಡೀ ದುಡಿಯುತ್ತವೆ. ಬೆನ್ನುಮೂಳೆಯ ಎರಡೂ ಬದಿಯ ಮಾಂಸಕ್ಕೆ ಅಷ್ಟು ದುಡಿಮೆ ಇಲ್ಲ. ಸ್ಟೇಕ್ ಬರುವುದು ಹೆಚ್ಚಾಗಿ ಅಲ್ಲಿಂದ. ಬೆನ್ನುಮೂಳೆಯ ಒಳಮಗ್ಗುಲಿಗೆ ಅಂಟಿಕೊಂಡ ಉದ್ದನೆಯ ಸ್ನಾಯು ಎಲ್ಲಕ್ಕಿಂತ ಮೆತ್ತಗೆ. ಅದೇ ಫಿಲೆ ಮಿನ್ಯಾನ್. ಬೆಣ್ಣೆಯ ಹಾಗೆ ಇರುತ್ತದೆ, ಆದರೆ ರುಚಿ ಸ್ವಲ್ಪ ಕಮ್ಮಿ. ಹೊರಮಗ್ಗುಲಿನದು ಸ್ಟ್ರಿಪ್. ಅಗಿಯಬೇಕು, ಆದರೆ ರುಚಿ ಜಾಸ್ತಿ. ನಡುವೆ ಇಂಗ್ಲಿಷಿನ 'ಟಿ' ಅಕ್ಷರದ ಹಾಗಿರುವ ಮೂಳೆ ಬಿಟ್ಟು, ಎರಡನ್ನೂ ಸೇರಿಸಿ ಅಡ್ಡ ಕಡಿದರೆ ಟಿ-ಬೋನ್. ಅದೇ ತುಂಡನ್ನು ಸ್ವಲ್ಪ ಹಿಂದೆ, ಒಳಸ್ನಾಯು ದಪ್ಪ ಇರುವ ಕಡೆ ಕಡಿದರೆ ಪೋರ್ಟರ್‌ಹೌಸ್. ಲೆಕ್ಕ ಎಷ್ಟು ಖಚಿತ ಅಂದರೆ, ಆ ಒಳಸ್ನಾಯು ಒಂದೂಕಾಲು ಇಂಚಾದರೂ ಅಗಲ ಇದ್ದರೆ ಮಾತ್ರ ಅಮೆರಿಕದಲ್ಲಿ ಅದನ್ನು ಪೋರ್ಟರ್‌ಹೌಸ್ ಅನ್ನಬಹುದು. ಇಬ್ಬರು ಹಂಚಿಕೊಂಡು ತಿನ್ನುವ ತುಂಡು ಅದು.

ಎರಡನೆಯದು ಕೊಬ್ಬು. ಮೇಲೆ ಪದರವಾಗಿ ಕೂತ ಕೊಬ್ಬಲ್ಲ, ಮಾಂಸದ ಒಳಗೇ ಸಣ್ಣ ಸಣ್ಣ ಬಿಳೀ ಗೆರೆಯಾಗಿ ಹರಡಿದ ಕೊಬ್ಬು. ನಮ್ಮ ಬನ್ನೂರು ಕುರಿಗೆ ಅಷ್ಟು ಹೆಸರು ಯಾಕೆ? ಇದಕ್ಕೇ. ಗಿಡ್ಡ ಕಾಲಿನ, ಮೈತುಂಬಿದ ಆ ಕುರಿಯ ಮಾಂಸದೊಳಗೆ ಕೊಬ್ಬು ಬೆರೆತಿರುತ್ತದೆ. ಬೆಂದಾಗ ಅದು ಕರಗಿ ಮಾಂಸವನ್ನು ಒಳಗಿನಿಂದಲೇ ನೆನೆಸುತ್ತದೆ. ಅಮೆರಿಕದ ಕೃಷಿ ಇಲಾಖೆ 1927ರಿಂದ ಈ ಗೆರೆಗಳನ್ನು ನೋಡಿ ದರ್ಜೆ ಕೊಡುತ್ತಾ ಬಂದಿದೆ. ಎಲ್ಲಕ್ಕಿಂತ ಮೇಲಿನ ದರ್ಜೆ ಪ್ರೈಮ್. ಅದರ ಕೆಳಗೆ ಚಾಯ್ಸ್, ಸೆಲೆಕ್ಟ್. ಪ್ರೈಮ್ ಸಿಗುವುದು ಸಣ್ಣ ಪಾಲು. ಹಳೇ ಸ್ಟೇಕ್‌ಹೌಸುಗಳು ಅದಕ್ಕೆ ಮುಗಿಬೀಳುತ್ತವೆ.

ಮೂರನೆಯದೇ ದೊಡ್ಡದು. ಅದು ಕಾಯುವ ಕೆಲಸ. ಡ್ರೈ ಏಜಿಂಗ್ ಅಂದರೆ ಇಷ್ಟೇ: ಮೂಳೆ, ಕೊಬ್ಬು ಸಮೇತ ದೊಡ್ಡ ದೊಡ್ಡ ಮಾಂಸದ ಭಾಗಗಳನ್ನು ಏನೂ ಸುತ್ತದೆ, ಏನೂ ಹಚ್ಚದೆ, ತಣ್ಣನೆ ಕೋಣೆಯಲ್ಲಿ ಕಪಾಟಿನ ಮೇಲೆ ಇಡುತ್ತಾರೆ. ಒಂದರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್. ನೀರು ಹೆಪ್ಪುಗಟ್ಟುವುದಕ್ಕಿಂತ ಸ್ವಲ್ಪವೇ ಮೇಲೆ. ಗಾಳಿ ಸದಾ ಆಡುತ್ತಿರಬೇಕು. ಗಾಳಿಯ ತೇವ ಹದದಲ್ಲಿರಬೇಕು. ತೇವ ಜಾಸ್ತಿಯಾದರೆ ಕೆಡುತ್ತದೆ, ಕಮ್ಮಿಯಾದರೆ ಮರದ ಹಾಗೆ ಒಣಗುತ್ತದೆ. ಹೀಗೆ ಮೂರು ವಾರ, ನಾಲ್ಕು ವಾರ, ಕೆಲವು ಕಡೆ ಇನ್ನೂ ಜಾಸ್ತಿ.

ಒಳಗೆ ಎರಡು ಕೆಲಸ ನಡೆಯುತ್ತವೆ. ನೀರು ಆರುತ್ತದೆ, ಅದರಿಂದ ರುಚಿ ಗಟ್ಟಿಯಾಗುತ್ತದೆ. ಹಾಲು ಇಂಗಿ ಖೋವಾ ಆಗುವ ಹಾಗೆ. ಇನ್ನೊಂದು, ಮಾಂಸದಲ್ಲೇ ಇರುವ ಕಿಣ್ವಗಳು ಸ್ನಾಯುವಿನ ನಾರುಗಳನ್ನು ಒಂದೊಂದಾಗಿ ಸಡಿಲಿಸುತ್ತವೆ. ಗಟ್ಟಿ ಮಾಂಸ ತಾನಾಗಿಯೇ ಮೆತ್ತಗಾಗುತ್ತದೆ. ನಾವು ಮಾಂಸಕ್ಕೆ ಪರಂಗಿಕಾಯಿ ಅರೆದು ಹಚ್ಚುತ್ತೇವಲ್ಲ, ಅದೂ ಕಿಣ್ವದ್ದೇ ಕೆಲಸ. ಅಲ್ಲಿ ಹೊರಗಿನಿಂದ ತಂದ ಕಿಣ್ವ, ಒಂದೆರಡು ಗಂಟೆಯ ಕೆಲಸ. ಇಲ್ಲಿ ಒಳಗಿನದೇ ಕಿಣ್ವ, ಒಂದು ತಿಂಗಳ ಕೆಲಸ. ಹೀಗೆ ಇಟ್ಟ ಮಾಂಸಕ್ಕೆ ಹುರಿದ ಬೀಜದಂಥ, ಹಳೇ ಚೀಸಿನಂಥ ಒಂದು ಆಳವಾದ ವಾಸನೆ ಬರುತ್ತದೆ. ಮಸಾಲೆ ಬೇಡ ಅನ್ನುವ ಧೈರ್ಯ ಅವರಿಗೆ ಬರುವುದು ಅದರಿಂದಲೇ.

ನಮ್ಮ ಉಪ್ಪುಕಂಡ ನೆನಪಾಗಬಹುದು. ಅದೂ ಮಾಂಸದ ನೀರು ಆರಿಸುವ ಕೆಲಸವೇ. ಆದರೆ ಉಪ್ಪುಕಂಡದ ಗುರಿ ಮಾಂಸ ಕೆಡದ ಹಾಗೆ ಉಳಿಸುವುದು. ಅದಕ್ಕೇ ಉಪ್ಪು, ಅರಿಸಿನ, ಬಿಸಿಲು. ಇಲ್ಲಿ ಗುರಿಯೇ ಬೇರೆ. ಅರ್ಧ ಒಣಗಿಸಿ, ಅರ್ಧ ಹಸಿಯಾಗಿಟ್ಟು, ರುಚಿ ಏರಿಸುವುದು.

ತಿಂಗಳು ಮುಗಿಯುವ ಹೊತ್ತಿಗೆ ಮಾಂಸದ ಮೇಲೆ ಕಪ್ಪು ತೊಗಟೆಯಂಥ ಪದರ ಕಟ್ಟಿರುತ್ತದೆ. ಅದನ್ನು ಪೂರ್ತಿ ಕೆತ್ತಿ ಎಸೆಯಬೇಕು. ಆರಿದ ನೀರು, ಕೆತ್ತಿದ ತೊಗಟೆ ಎರಡೂ ಸೇರಿ ಕಾಲು ಭಾಗದಷ್ಟು ತೂಕವೇ ಹೋಗಬಹುದು. ಹತ್ತು ಕಿಲೋ ಕೊಂಡವನು ಏಳೂವರೆ ಕಿಲೋ ಮಾರುತ್ತಾನೆ. ಜೊತೆಗೆ ಒಂದು ತಿಂಗಳು ಆ ಬಂಡವಾಳ ಸುಮ್ನೆ ಕಪಾಟಿನಲ್ಲಿ ಕೂತಿರುತ್ತದೆ. ಬೆಲೆ ಯಾಕೆ ಹಾಗಿದೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಈ ಖರ್ಚು ತಪ್ಪಿಸಲು ಅಂತ ಮಾಂಸವನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹದ ಮಾಡುವ ಪದ್ಧತಿ ಈಗ ಎಲ್ಲೆಡೆ ಇದೆ. ಮೆತ್ತಗಾಗುತ್ತದೆ, ತೂಕವೂ ಹೋಗುವುದಿಲ್ಲ. ಆದರೆ ಆ ವಾಸನೆ ಬರುವುದಿಲ್ಲ. ಕೀನ್ಸ್ ಇವತ್ತಿಗೂ ತನ್ನ ಮನೆಯೊಳಗೇ, ಗಾಳಿಯಲ್ಲೇ, ಹಳೇ ರೀತಿಯಲ್ಲಿ ಹದ ಮಾಡುತ್ತದೆ.

ಇನ್ನು ಬೆಂಕಿ. ನಮ್ಮ ಬಾಡೂಟಕ್ಕೂ ಸ್ಟೇಕಿಗೂ ಇರುವ ನಿಜವಾದ ವ್ಯತ್ಯಾಸ ಮಸಾಲೆಯದ್ದಲ್ಲ, ನೀರಿನದ್ದು. ನಾವು ದುಡಿದ ಸ್ನಾಯುವನ್ನು, ಮೂಳೆಯನ್ನು ನೀರಿನಲ್ಲಿ ಹೊತ್ತುಗಟ್ಟಲೆ ಬೇಯಿಸುತ್ತೇವೆ. ನಿಧಾನಕ್ಕೆ ಗಟ್ಟಿ ನಾರು ಕರಗಿ ಸಾರಿಗೆ ಬರುತ್ತದೆ, ಸಾರು ತುಟಿಗೆ ಅಂಟುತ್ತದೆ. ಆ ಮಾಂಸವನ್ನು ಸುಟ್ಟರೆ ಚಪ್ಪಲಿಯ ಹಾಗಾಗುತ್ತದೆ. ಸ್ಟೇಕಿನ ಮಾಂಸವನ್ನು ಸಾರಿಗೆ ಹಾಕಿದರೆ ಅದೂ ಹಾಳು. ಅದಕ್ಕೆ ಬೇಕಾದದ್ದು ಸ್ವಲ್ಪ ಹೊತ್ತು, ವಿಪರೀತ ಕಾವು.

ಆ ಕಾವು ಕೊಡುವ ಒಲೆಗೆ ಬ್ರಾಯ್ಲರ್ ಅನ್ನುತ್ತಾರೆ. ಅದರಲ್ಲಿ ಉರಿ ಇರುವುದು ಮೇಲ್ಗಡೆ. 400 ಡಿಗ್ರಿಗೂ ಜಾಸ್ತಿ ಕಾದಿರುತ್ತದೆ. ಮಾಂಸದಿಂದ ತೊಟ್ಟಿಕ್ಕುವ ಕೊಬ್ಬು ಕೆಳಗೆ ಬೀಳುವುದರಿಂದ ಉರಿಗೆ ತಾಗಿ ಭಗ್ ಅನ್ನುವುದಿಲ್ಲ. ಮನೆಯ ಗ್ಯಾಸ್ ಒಲೆಯಲ್ಲಿ ಇಂಥ ಕಾವು ಬರುವುದು ಕಷ್ಟ. ಮಾಂಸದ ಮೇಲ್ಮೈ 140 ಡಿಗ್ರಿ ದಾಟಿದ ಮೇಲೆ ಪ್ರೋಟೀನು, ಸಕ್ಕರೆ ಸೇರಿ ಕಂದು ಬಣ್ಣ, ಹೊಸ ವಾಸನೆ ಹುಟ್ಟುತ್ತವೆ. ಲೂಯಿ ಕಮೀಲ್ ಮೈಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ ಇದನ್ನು ವಿವರಿಸಿದ್ದು 1912ರಲ್ಲಿ. ದೋಸೆಯ ತಳ ಕೆಂಪಗಾಗಿ ಗರಿಗರಿ ಆಗುವುದೂ, ಚಿಕ್ಕಮಗಳೂರಿನ ಕಾಫಿ ಬೀಜ ಹುರಿದಾಗ ಘಮ್ಮೆನ್ನುವುದೂ ಇದರಿಂದಲೇ. ನೀರಿರುವ ಕಡೆ ಕಾವು 100 ಡಿಗ್ರಿ ದಾಟುವುದಿಲ್ಲ. ಅದಕ್ಕೇ ಇಡ್ಲಿ ಬಿಳಿ, ದೋಸೆ ಕೆಂಪು. ಹದ ಮಾಡಿದ ಮಾಂಸದ ಮೇಲ್ಮೈಯಲ್ಲಿ ನೀರು ಮೊದಲೇ ಕಮ್ಮಿ. ಬೇಗ ಕಂದಾಗುತ್ತದೆ.

ವೇಟರ್ ಬಂದು ಎಷ್ಟು ಬೇಯಬೇಕು ಅಂತ ಕೇಳುತ್ತಾರೆ. ಇಲ್ಲಿ ನಮ್ಮವರು ಬಹಳ ಜನ ತಡವರಿಸುತ್ತಾರೆ. ರೇರ್ ಅಂದರೆ ನಡುಭಾಗ ಸುಮಾರು 50 ಡಿಗ್ರಿ, ಕೆಂಪು, ಬರೀ ಬೆಚ್ಚಗೆ. ಮೀಡಿಯಂ ರೇರ್ ಸುಮಾರು 55. ಮೀಡಿಯಂ 60ರಿಂದ 63, ಗುಲಾಬಿ ಬಣ್ಣ. ವೆಲ್ ಡನ್ 70ರ ಮೇಲೆ, ಪೂರ್ತಿ ಕಂದು. ಮೊದಲ ಸಲ ತಿನ್ನುವವರಿಗೆ ನಾನು ಮೀಡಿಯಂ ಹೇಳಿ ಅನ್ನುತ್ತೇನೆ. ಸಂಕೋಚ ಬೇಡ, ವೆಲ್ ಡನ್ ಬೇಕಿದ್ದರೂ ಕೇಳಬಹುದು. ಆದರೆ ತಿಂಗಳುಗಟ್ಟಲೆ ಕಾಯ್ದ ಮಾಂಸದ ರಸವೆಲ್ಲ ಆರಿ ಹೋಗುತ್ತದೆ, ಅದು ನೋವಿನ ವಿಷಯ.

ತಟ್ಟೆಯಲ್ಲಿ ಕೆಂಪು ನೀರು ಕಂಡು ಎಷ್ಟೋ ಜನ ರಕ್ತ ಅಂದುಕೊಂಡು ತಟ್ಟೆ ದೂಡುತ್ತಾರೆ. ಅದು ರಕ್ತ ಅಲ್ಲ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಅನ್ನುವ ಪ್ರೋಟೀನು ನೀರಿನಲ್ಲಿ ಬೆರೆತ ಬಣ್ಣ. 60 ಡಿಗ್ರಿ ದಾಟುತ್ತಾ ಹೋದ ಹಾಗೆ ಅದು ಕಂದಾಗುತ್ತದೆ. ಅರೆಬೆಂದದ್ದು ತಿಂದರೆ ಏನೂ ಆಗಲ್ವಾ ಅಂತ ಕೇಳಬಹುದು. ಇಡೀ ತುಂಡಿನಲ್ಲಿ ಕ್ರಿಮಿ ಇರುವುದು ಹೆಚ್ಚಾಗಿ ಮೇಲ್ಮೈಯಲ್ಲಿ, ಅದು ಚೆನ್ನಾಗಿ ಸುಟ್ಟಿರುತ್ತದೆ. ಕೊಚ್ಚಿದ ಮಾಂಸದಲ್ಲಿ ಮೇಲ್ಮೈಯದ್ದು ಒಳಕ್ಕೂ ಬೆರೆಯುವುದರಿಂದ ಲೆಕ್ಕವೇ ಬೇರೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ 63 ಡಿಗ್ರಿ ಬೇಯಿಸಿ ಮೂರು ನಿಮಿಷ ಬಿಡಿ ಅನ್ನುತ್ತದೆ, ಕೊಚ್ಚಿದ್ದಕ್ಕೆ 71. ಗರ್ಭಿಣಿಯರು, ವಯಸ್ಸಾದವರು, ಸಣ್ಣ ಮಕ್ಕಳು ಈ ಅಂಕಿಯನ್ನೇ ನಂಬುವುದು ಒಳ್ಳೇದು.

ನಾವು ಹೇಳಿದ್ದು ಮಟನ್ ಚಾಪ್. ಕೀನ್ಸ್ ಹೆಸರು ಮಾಡಿದ್ದೇ ಅದರಿಂದ. 1935ರಲ್ಲೇ ಹತ್ತು ಲಕ್ಷದ ಚಾಪು ಬಡಿಸಿದ್ದನ್ನು ಹಬ್ಬ ಮಾಡಿದ್ದರು. ಹೆಸರು ಮಟನ್ ಆದರೂ ಇವತ್ತು ತಟ್ಟೆಗೆ ಬರುವುದು ಎಳೇ ಕುರಿಯ ಮಾಂಸ. ತೂಕ 26 ಔನ್ಸ್, ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕಿಲೋ ಹತ್ತಿರ. ಇದು ಪಕ್ಕೆಲುಬಿನ ಸಣ್ಣ ಚಾಪ್ಸ್ ಅಲ್ಲ. ಕುರಿಯ ಸೊಂಟದ ಹತ್ತಿರ ಬೆನ್ನುಮೂಳೆಯನ್ನು ಸೀಳದೆ, ಎಡ ಬಲ ಎರಡೂ ಬದಿ ಒಟ್ಟಿಗೆ ಬರುವ ಹಾಗೆ ದಪ್ಪಗೆ ಅಡ್ಡ ಕಡಿದ ತುಂಡು. ನಡುವೆ ಮೂಳೆ. ಎರಡೂ ಕಡೆ ರೆಕ್ಕೆಯ ಹಾಗೆ ಮಾಂಸ. ತುದಿಯಲ್ಲಿ ಕೊಬ್ಬಿನ ಅಂಚು ಸುಟ್ಟು ಒಳಕ್ಕೆ ಸುರುಳಿಯಾಗಿದೆ.

ಚಾಕು ಇಟ್ಟ ಕಡೆ ಮೊದಲು ಚರ್ ಅಂತ ಸದ್ದು. ಅದು ಸುಟ್ಟ ಅಂಚು. ಆಮೇಲೆ ಸದ್ದಿಲ್ಲದೆ ಇಳಿಯಿತು. ಒಳಗೆ ಗುಲಾಬಿ ಬಣ್ಣ, ಅಂಚಿನಿಂದ ಅಂಚಿಗೆ ಒಂದೇ ಹದ. ಮೂಳೆಯ ಒಳಮಗ್ಗುಲಲ್ಲಿ ಎರಡು ಸಣ್ಣ ಮೆತ್ತನೆ ತುಂಡುಗಳಿವೆ, ದನದಲ್ಲಿ ಫಿಲೆ ಅನ್ನುವ ಅದೇ ಸ್ನಾಯು. ಭಾವ ಅದನ್ನು ಬಿಡಿಸಿ ಮೊದಲು ನನ್ನ ತಟ್ಟೆಗೆ ಹಾಕಿದರು. "ಇದು ತಿನ್ನು, ಆಮೇಲೆ ಮಾತಾಡು" ಅಂದರು. ಊರಲ್ಲಿ ಮಟನ್ನಿಗೆ ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಕೊತ್ತಂಬರಿ ಇಲ್ಲದೆ ನಾನು ಕಂಡವನಲ್ಲ. ಇಲ್ಲಿ ಕುರಿಯ ರುಚಿ ಒಂಟಿಯಾಗಿ ನಿಂತಿತ್ತು. ಕೊಬ್ಬಿನ ಸಿಹಿ, ಸುಟ್ಟದ್ದರ ಸಣ್ಣ ಕಹಿ, ಉಪ್ಪು. ಪಕ್ಕದಲ್ಲಿ ಪುದೀನ ಜೆಲ್ಲಿ. ಕೊಬ್ಬು ಭಾರ ಅನ್ನಿಸಿದಾಗ ಅದನ್ನು ಒಂದು ಚೂರು ಮುಟ್ಟಿಸಿಕೊಳ್ಳಬೇಕು. ನಾವು ಉಪ್ಪಿನಕಾಯಿ ನಂಜಿಕೊಳ್ಳುವ ಹಾಗೆ.

ಬಾರಿನ ವಿಷಯ ಬಿಟ್ಟರೆ ಸ್ಟೇಕ್‌ಹೌಸಿನ ಕಥೆ ಅರ್ಧವೇ. ಕಾಕ್‌ಟೇಲ್ ಅಂದರೆ ಬಣ್ಣ ಬಣ್ಣದ ಜ್ಯೂಸು, ಕೊಡೆ ಚುಚ್ಚಿದ ಗ್ಲಾಸು ಅನ್ನುವ ಕಲ್ಪನೆ ನಮ್ಮಲ್ಲಿದೆ. ಹಳೇ ಬಾರಿನ ಕಾಕ್‌ಟೇಲ್ ಹಾಗಿಲ್ಲ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಒಂದು ಪತ್ರಿಕೆ 1806ರ ಮೇ 13ರಂದು, ಓದುಗನ ಪ್ರಶ್ನೆಗೆ ಉತ್ತರವಾಗಿ ಕಾಕ್‌ಟೇಲ್ ಅಂದರೆ ಏನು ಅಂತ ಬರೆಯಿತು. ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್. ನಾಲ್ಕೇ. ಬಿಟರ್ಸ್ ಅಂದರೆ ಬೇರು, ತೊಗಟೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಸಿ ತೆಗೆದ ಕಹಿ ರಸ. ಔಷಧಿಯ ಹಾಗೆ ಹನಿ ಲೆಕ್ಕದಲ್ಲಿ ಹಾಕುತ್ತಾರೆ. ಹೆಸರಾದ ಅಂಗೋಸ್ತುರಾ ಬಿಟರ್ಸ್ ಹುಟ್ಟಿದ್ದೂ ಔಷಧಿಯಾಗಿಯೇ, ಯೋಹಾನ್ ಸೀಗರ್ಟ್ ಅನ್ನುವ ಜರ್ಮನ್ ವೈದ್ಯರ ಕೈಯಲ್ಲಿ, 1824ರಲ್ಲಿ.

ಮುಂದೆ ಬಾರಿನವರು ಈ ನಾಲ್ಕಕ್ಕೆ ಏನೇನೋ ಸೇರಿಸುತ್ತಾ ಹೋದರು. ಬೇಸತ್ತ ಗಿರಾಕಿಗಳು ನಮಗೆ ಹಳೇ ರೀತಿಯಲ್ಲೇ ಮಾಡಿಕೊಡಿ ಅನ್ನತೊಡಗಿದರು. ಓಲ್ಡ್ ಫ್ಯಾಷನ್ಡ್ ಅನ್ನುವ ಹೆಸರು ಬಂದದ್ದು ಹಾಗೆ. ವಿಸ್ಕಿ, ಸಕ್ಕರೆ, ಬಿಟರ್ಸ್, ಮಂಜುಗಡ್ಡೆ, ಒಂದು ಕಿತ್ತಳೆ ಸಿಪ್ಪೆ. ಎರಡು ಪಾಲು ರೈ ಅನ್ನುವ ಧಾನ್ಯದ ವಿಸ್ಕಿ, ಒಂದು ಪಾಲು ಸಿಹಿ ವರ್ಮೂತ್, ಎರಡು ಚಿಮುಕು ಬಿಟರ್ಸ್ ಹಾಕಿದರೆ ಮ್ಯಾನ್‌ಹಟನ್. ವರ್ಮೂತ್ ಅಂದರೆ ಗಿಡಮೂಲಿಕೆ ನೆನೆಸಿದ ದ್ರಾಕ್ಷಾರಸ. ಜಿನ್ನಿಗೆ ಸಿಹಿಯಿಲ್ಲದ ವರ್ಮೂತ್ ಸೇರಿದರೆ ಮಾರ್ಟಿನಿ. ಕಹಿ, ಘಾಟು, ತಣ್ಣಗೆ. ಕೊಬ್ಬಿನ ಊಟಕ್ಕೆ ಮೊದಲು ನಾಲಿಗೆಯನ್ನು ಚುರುಕು ಮಾಡಲು ಇದಕ್ಕಿಂತ ಬೇರೆ ಬೇಡ.

ಬಾರಿನಾತ ಮ್ಯಾನ್‌ಹಟನ್ ಮಾಡುವುದನ್ನು ಹತ್ತಿರದಿಂದ ನೋಡಿದೆ. ದಪ್ಪ ಗಾಜಿನ ಪಾತ್ರೆ, ತುಂಬಾ ಮಂಜುಗಡ್ಡೆ. ಉದ್ದನೆ ಚಮಚದ ಬೆನ್ನು ಗಾಜಿಗೆ ಅಂಟಿಕೊಂಡೇ ಸುತ್ತುತ್ತಿತ್ತು. ಸದ್ದೇ ಇಲ್ಲ. ಅರ್ಧ ನಿಮಿಷ. ಆತ ಅಲ್ಲಿ ಮಾಡುತ್ತಿದ್ದದ್ದು ಎರಡು ಕೆಲಸ: ತಣ್ಣಗೆ ಮಾಡುವುದು, ನೀರು ಸೇರಿಸುವುದು. ಕರಗಿದ ಮಂಜು ಕೊನೆಗೆ ಗ್ಲಾಸಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿಯೇ ಇರುತ್ತದೆ. ನೀರು ಸೇರದಿದ್ದರೆ ಗಂಟಲು ಸುಡುತ್ತದೆ, ಜಾಸ್ತಿಯಾದರೆ ಸಪ್ಪೆ. ಬರೀ ಮದ್ಯದ ಕಾಕ್‌ಟೇಲನ್ನು ಹೀಗೆ ಕಲಕುತ್ತಾರೆ, ತಿಳಿಯಾಗಿ ಉಳಿಯಲಿ ಅಂತ. ನಿಂಬೆಹಣ್ಣು, ಮೊಟ್ಟೆಯ ಬಿಳಿ ಇದ್ದರೆ ಕುಲುಕುತ್ತಾರೆ. ಆಗ ಗಾಳಿ ಸೇರಿ ನೊರೆ ಬರುತ್ತದೆ.

ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಪಾನನಿಷೇಧ ಇತ್ತು. ಎಷ್ಟೋ ಹಳೇ ಬಾರುಗಳು ಆಗ ಮುಳುಗಿದವು. ಅದಕ್ಕೂ ಮೊದಲಿನಿಂದ ಬಂದು ಇವತ್ತಿಗೂ ನಿಂತಿರುವ ಬಾರನ್ನು ಕಂಡರೆ ಒಂದು ಕ್ಷಣ ನಿಂತು ನೋಡಬೇಕು ಅನ್ನಿಸುವುದು ಅದಕ್ಕೆ.

ಕೀನ್ಸ್ ಬಾರಿನ ಹಿಂದೆ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ತೆಗೆದ ವಿಸ್ಕಿಗಳು ಸಾಲಾಗಿವೆ. ಇನ್ನೂರಕ್ಕೂ ಜಾಸ್ತಿ ಬಗೆ. ಅಲ್ಲಿ ನಿಂತಾಗ ನನಗೆ ಮೈಸೂರು ರಸ್ತೆಯ ಕಂಬೀಪುರ ನೆನಪಾಯಿತು. ನಮ್ಮ ಅಮೃತ್ ಡಿಸ್ಟಿಲರಿ ಇರುವುದು ಅಲ್ಲಿ. ಅವರ ಸಿಂಗಲ್ ಮಾಲ್ಟ್ ಮೊದಲು ಬಿಡುಗಡೆಯಾಗಿದ್ದು ಬೆಂಗಳೂರಿನಲ್ಲಲ್ಲ, 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಪೀಪಾಯಿಯಲ್ಲಿಟ್ಟ ವಿಸ್ಕಿಯೂ ಹದ ಮಾಡಲಿಟ್ಟ ಮಾಂಸದ ಹಾಗೇ. ದಿನ ಕಳೆದಂತೆ ಆರುತ್ತದೆ, ಆರಿದಂತೆ ರುಚಿ ಕಟ್ಟುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಶೇಕಡಾ ಎರಡರಷ್ಟು ಆರಿದರೆ, ಬೆಂಗಳೂರಿನ ಬಿಸಿಗೆ ಶೇಕಡಾ ಹತ್ತರ ಮೇಲೆ ಹೋಗುತ್ತದೆ. ಅಲ್ಲಿ ಹನ್ನೆರಡು ವರ್ಷ ಕಾಯುವುದನ್ನು ಇಲ್ಲಿ ಕಾಯುವುದಕ್ಕೆ ಆಗುವುದಿಲ್ಲ, ಪೀಪಾಯಿಯೇ ಮುಕ್ಕಾಲು ಖಾಲಿಯಾಗಿರುತ್ತದೆ. ಹಾಗಂತ ಇಲ್ಲಿನ ನಾಲ್ಕೈದು ವರ್ಷದ ವಿಸ್ಕಿ ಎಳಸು ಅಲ್ಲ. ಬಿಸಿ ಜಾಸ್ತಿ ಇದ್ದ ಕಡೆ ಮರದ ರುಚಿಯನ್ನು ಬೇಗ ಹೀರುತ್ತದೆ. ಬಾಟಲಿಯ ಮೇಲಿನ ವಯಸ್ಸು ನೋಡಿ ಬೆಲೆ ಕಟ್ಟುವವರು ಇದನ್ನು ಮರೆಯಬಾರದು.

ಇನ್ನು ಹೋಗುವವರಿಗೆ ಎರಡು ಮಾತು. ನಮ್ಮ ಎಲೆ ಊಟದಲ್ಲಿ ಪಲ್ಯ, ಕೋಸಂಬರಿ, ಅನ್ನ ಎಲ್ಲ ತಾನಾಗಿ ಬರುತ್ತದೆ. ಇಲ್ಲಿ ಸ್ಟೇಕ್ ಹೇಳಿದರೆ ಬರುವುದು ಹೆಚ್ಚುಕಮ್ಮಿ ಸ್ಟೇಕ್ ಮಾತ್ರ. ಕೆನೆಯಲ್ಲಿ ಬೇಯಿಸಿದ ಪಾಲಕ್, ತುರಿದು ಹುರಿದ ಆಲೂಗಡ್ಡೆ ಎಲ್ಲಕ್ಕೂ ಬೇರೆ ಬೇರೆ ಆರ್ಡರು, ಬೇರೆ ಬೆಲೆ. ಒಂದೊಂದು ಬಟ್ಟಲು ಇಬ್ಬರಿಗೆ ಸಾಕು. ಜೊತೆಯಲ್ಲಿ ಸಸ್ಯಾಹಾರಿ ಇದ್ದರೆ ಇವುಗಳಲ್ಲೇ ಊಟ ಹೊಂದಿಸಬಹುದು. ಆದರೆ ಸೀಸರ್ ಸಲಾಡ್ ಹೇಳಬೇಡಿ, ಸಾಮಾನ್ಯವಾಗಿ ಅದರ ಸಾಸಿನಲ್ಲಿ ಮೀನು ಇರುತ್ತದೆ. ದೊಡ್ಡ ಊಟದ ಖರ್ಚು ಬೇಡ ಅಂದರೆ ಬಾರಿನ ಕೋಣೆಯಲ್ಲೇ ಕೂತು ಏನಾದರೂ ಸಣ್ಣದು ತಿನ್ನಿ. ಪೈಪುಗಳು ಅಲ್ಲೂ ಕಾಣುತ್ತವೆ. ಬಿಲ್ಲಿನ ಮೇಲೆ ನಗರದ ಮಾರಾಟ ತೆರಿಗೆ ಶೇಕಡಾ 8.875. ಅದರ ಮೇಲೆ ಟಿಪ್ಸ್ ಶೇಕಡಾ 18ರಿಂದ 20. ಟಿಪ್ಸ್ ಅಲ್ಲಿ ಉಡುಗೊರೆಯಲ್ಲ. ಟಿಪ್ಸ್ ಬರುತ್ತದೆ ಅಂತ ಲೆಕ್ಕ ಹಿಡಿದೇ ವೇಟರುಗಳಿಗೆ ಕಮ್ಮಿ ಸಂಬಳ ಕೊಡಲು ಅಲ್ಲಿ ಕಾನೂನು ಬಿಡುತ್ತದೆ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಹೋಗಿ.

ಹೊರಡುವ ಮುಂಚೆ ಗೋಡೆಗಳನ್ನೂ ಒಂದು ಸುತ್ತು ನೋಡಿ. ಹಳೇ ನಾಟಕದ ಭಿತ್ತಿಪತ್ರ, ವ್ಯಂಗ್ಯಚಿತ್ರ, ಫೋಟೋಗಳು ತುಂಬಿವೆ. 1865ರಲ್ಲಿ ನಾಟಕ ನೋಡುತ್ತಿದ್ದಾಗ ಗುಂಡೇಟು ಬಿದ್ದ ರಾತ್ರಿ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಕೈಯಲ್ಲಿತ್ತು ಅಂತ ಕೀನ್ಸ್‌ನವರು ಹೇಳುವ ಆ ನಾಟಕದ ಕರಪತ್ರವೂ ಗಾಜಿನ ಹಿಂದೆ ಇದೆ.

ಚಾಪು ನಾವಿಬ್ಬರು ತಿಂದರೂ ಮುಗಿಯಲಿಲ್ಲ. ಉಳಿದದ್ದನ್ನು ಕಟ್ಟಿಸಿಕೊಳ್ಳುವುದು ಅಲ್ಲಿ ಮಾಮೂಲು. ಮೂಳೆ, ಸುರುಳಿಯಾದ ಅಂಚು ಎಲ್ಲ ಡಬ್ಬಿಗೆ ಬಂತು. ಮಾರನೇ ದಿನ ಅಕ್ಕ ಡಬ್ಬಿ ತೆಗೆದು ನೋಡಿ, "ಇಷ್ಟು ಒಳ್ಳೇ ಮೂಳೆ ಬಿಟ್ಟು ಬಂದಿದ್ರೆ ಮನೆಯೊಳಗೆ ಸೇರಿಸ್ತಿರಲಿಲ್ಲ" ಅಂದಳು. ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು ಅರೆದು ಹಾಕಿ ಸಣ್ಣ ಉರಿಯಲ್ಲಿ ಸಾರಿಗಿಟ್ಟಳು. ಸಾರಿಗೆ ಸುಟ್ಟ ಕೊಬ್ಬಿನ ಘಮ ಬಂದಿತ್ತು. ಭಾವ ಎರಡನೇ ಮುದ್ದೆ ಹಾಕಿಸಿಕೊಂಡರು.